ನಾಬೋತನ ಊರಿನ ಹಿರಿಯರು

ಸಕಲೇಶಪುರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಉದ್ದವಾಗಿದೆ, ಸಾರ ಇಷ್ಟು: “ಒಡಹುಟ್ಟಿದವರನ್ನು ಕೊಂದು ಪಟ್ಟಕ್ಕೇರಿದ ಅಬೀಮೆಲೆಕನ ತಲೆ ಮೇಲೆ ಹೆಂಗಸೊಬ್ಬಳು ಬೀಸುವ ಕಲ್ಲು ಎತ್ತಿಹಾಕಿದಳು. ಅಪ್ಪನ ಮೇಲೆಯೇ ದಂಗೆಯೆದ್ದ ಅಬ್ಷಾಲೋಮ ಮರಕ್ಕೆ ಸಿಕ್ಕಿಕೊಂಡು ಸತ್ತ. ಇಸ್ರಾಯೇಲಿನ ದೊರೆ ಅಹಾಬನ ರಕ್ತವನ್ನು ನಾಯಿಗಳು ನೆಕ್ಕಿದವು. ಅಧಿಕಾರದ ಮದಕ್ಕೆ ದೇವರೇ ಮದ್ದು ಅರೆಯುತ್ತಾನೆ. ಜನ ಪಾಪ, ಏನು ಮಾಡಿಯಾರು? ನೀವು ಸಂಚಿಕೆ ಸಂಚಿಕೆಗೂ ಜನರನ್ನೇ ಬೈಯುವುದೇಕೆ?”

ಮೇಷ್ಟ್ರೇ, ಬೈಬಲನ್ನು ಹೀಗೆ ಅರೆದು ಕುಡಿದವರು ನಮ್ಮ ಓದುಗರಲ್ಲಿದ್ದಾರೆಂದು ಹಿಗ್ಗಾಯಿತು. ದೊರೆ ಕೆಟ್ಟರೆ ಮೊದಲ ತಪ್ಪು ದೊರೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಮೂರು ಕಥೆಗಳಲ್ಲೂ ನೀವು ಕೊನೆಯ ಪುಟ ಮಾತ್ರ ಓದಿ ಹೇಳಿದ್ದೀರಿ. ಇವರು ಬಿದ್ದದ್ದು ಸರಿ, ಏರಿದ್ದು ಯಾರ ಹೆಗಲ ಮೇಲೆ?

ನ್ಯಾಯಸ್ಥಾಪಕರು ಗ್ರಂಥದ 9ನೇ ಅಧ್ಯಾಯ ಮತ್ತೊಮ್ಮೆ ತೆರೆಯಿರಿ. ಅಬೀಮೆಲೆಕ ಮೊದಲು ಹೋದದ್ದು ಶೆಕೆಮಿಗೆ, ತಾಯಿಯ ಕಡೆಯ ನೆಂಟರ ಹತ್ತಿರ. ಊರವರು ಅವನ ಗುಣ ವಿಚಾರಿಸಲಿಲ್ಲ, ಯೋಗ್ಯತೆ ಕೇಳಲಿಲ್ಲ. ‘ಅವನು ನಮ್ಮವನು’ ಎಂದರು, ಮುಗಿಯಿತು. ಗುಡಿಯ ಭಂಡಾರದಿಂದಲೇ 70 ಬೆಳ್ಳಿ ನಾಣ್ಯ ಎಣಿಸಿ ಕೊಟ್ಟರು. ಅವನು ಆ ದುಡ್ಡಿನಲ್ಲಿ ಪುಂಡರನ್ನು ಕಟ್ಟಿಕೊಂಡು ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಂದ. ಹಾಸನದ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಚುನಾವಣೆ ಬಂದಾಗಲೆಲ್ಲ ನನ್ನ ಕಿವಿಗೆ ಬೀಳುವುದೂ ಇದೇ ಮಾತು: “ನಮ್ಮೋನು ಕಣ್ಲಾ, ಗೆದ್ರೆ ನಮ್ ಕೆಲ್ಸ ಆಯ್ತದೆ.”

ಅಬ್ಷಾಲೋಮನ ವಿಷಯ ಬಿಡಿ, ಅದು ಅಪ್ಪ–ಮಗನ ಜಗಳವೂ ಹೌದು. ನನ್ನನ್ನು ಹಿಡಿದು ನಿಲ್ಲಿಸುವುದು ನಾಬೋತನ ದ್ರಾಕ್ಷಿತೋಟ. ಅರಮನೆಯ ಪಕ್ಕದ ತೋಟ, ಅಹಾಬನಿಗೆ ಅಲ್ಲಿ ಕಾಯಿಪಲ್ಲೆ ಬೆಳೆಯುವ ಆಸೆ. ಪಿತ್ರಾರ್ಜಿತ, ಕೊಡುವುದಿಲ್ಲ ಎಂದ ನಾಬೋತ. ದೊರೆ ಊಟ ಬಿಟ್ಟು, ಮುಖ ತಿರುಗಿಸಿ ಮಲಗಿದ. ರಾಣಿ ಈಜೆಬೆಲ್ ಸೈನ್ಯ ಕಳಿಸಲಿಲ್ಲ, ಪತ್ರ ಕಳಿಸಿದಳು. ದೊರೆಯ ಹೆಸರು, ದೊರೆಯ ಮುದ್ರೆ. ವಿಳಾಸ: ನಾಬೋತನ ಊರಿನ ಹಿರಿಯರಿಗೆ. ಉಪವಾಸ ಸಾರಿಸಿ, ಅವನನ್ನು ಸಭೆಯ ಮುಂದೆ ಕೂರಿಸಿ, ದೇವರನ್ನೂ ದೊರೆಯನ್ನೂ ಬೈದನೆಂದು ಇಬ್ಬರಿಂದ ಸಾಕ್ಷಿ ಹೇಳಿಸಿ, ಕಲ್ಲೆಸೆದು ಕೊಲ್ಲಿ. ಇಬ್ಬರೇ ಯಾಕೆ? ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಒಬ್ಬನ ಸಾಕ್ಷಿಯ ಮೇಲೆ ಮರಣದಂಡನೆ ಇಲ್ಲ. ಅಂದರೆ ಕಡತ ಅಚ್ಚುಕಟ್ಟು, ಯಾವ ಆಡಿಟ್ಟಿನಲ್ಲೂ ಸಿಕ್ಕಿಬೀಳುವಂತಿಲ್ಲ! ಹಿರಿಯರು ಚಾಚೂ ತಪ್ಪದೆ ನಡೆಸಿಕೊಟ್ಟು, ಕೆಲಸ ಆಯಿತೆಂದು ಹೇಳಿಕಳಿಸಿದರು. ಅವರಲ್ಲಿ ಒಬ್ಬನ ಹೆಸರೂ ಗ್ರಂಥದಲ್ಲಿಲ್ಲ.

ನಮ್ಮಲ್ಲಿ ಸರ್ಕಾರಿ ಜಮೀನಿನ ಅಕ್ರಮ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್‌ಹುಕುಂ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ನಿಜ. ಆದರೆ ‘ಇಂಥವರು ಇಷ್ಟು ವರ್ಷದಿಂದ ಸಾಗುವಳಿ ಮಾಡಿಕೊಂಡು ಬಂದಿದ್ದಾರೆ’ ಎಂಬ ಸ್ಥಳ ಮಹಜರಿಗೆ ಪಂಚರಾಗಿ ಸಹಿ ಹಾಕುವವರು ಯಾರು? ಬೇಲಿಯಾಚೆಯ ತೋಟದವರು. ಕಾಫಿ ಗಿಡಕ್ಕೆ ಎಷ್ಟು ವಯಸ್ಸೆಂದು ಕಾಂಡ ನೋಡಿಯೇ ಹೇಳಬಲ್ಲವರು!

ಆಗ ನೀವು ಹೇಳುತ್ತೀರಿ, ಅಹಾಬನಿಗೆ ಶಿಕ್ಷೆಯಾಯಿತಲ್ಲ, ಪ್ರವಾದಿ ಎಲೀಯ ಬಂದು ‘ಕೊಂದು, ಸ್ವಾಧೀನವನ್ನೂ ಮಾಡಿಕೊಂಡೆಯಾ’ ಎಂದು ಮುಖಕ್ಕೇ ಕೇಳಿದನಲ್ಲ ಎಂದು. ಕೇಳಿದ. ಅದಾದ ಎಷ್ಟೋ ವರ್ಷಗಳ ಮೇಲೆ ಸೇನಾಪತಿ ಯೇಹು ಅಹಾಬನ ವಂಶದ ವಿರುದ್ಧ ಎದ್ದ. ಅವನೂ ಪತ್ರವನ್ನೇ ಬರೆದ, ರಾಜಧಾನಿ ಸಮಾರ್ಯದ ಹಿರಿಯರಿಗೆ, ಅಹಾಬನ ಮಕ್ಕಳನ್ನು ಸಾಕುತ್ತಿದ್ದವರಿಗೆ. ಅವರು ‘ನಾವು ನಿನ್ನ ಸೇವಕರು’ ಎಂದು ಉತ್ತರ ಕಳಿಸಿದರು. ಎರಡನೇ ಪತ್ರ ಬಂತು. 70 ರಾಜಕುಮಾರರ ತಲೆಗಳು ಬುಟ್ಟಿಗಳಲ್ಲಿ ಯೇಹು ಇದ್ದ ಇಜ್ರೇಲಿಗೆ ಹೋದವು. ಅರಮನೆಯ ಉಪ್ಪು ತಿಂದವರೇ ತುಂಬಿದ ಬುಟ್ಟಿಗಳು. ದೇವರು ದೊರೆಯ ಲೆಕ್ಕ ಚುಕ್ತಾ ಮಾಡಿದನೆಂದೇ ಇಟ್ಟುಕೊಳ್ಳಿ, ಪತ್ರಕ್ಕೆ ತಲೆಬಾಗುವ ಹಿರಿಯರ ಜಾತಿ ಎಲ್ಲಿ ಕಡಿಮೆಯಾಯಿತು?

ನಾನು ಸದಸ್ಯನಾಗಿರುವ ಸಂಘವೊಂದರ ವಾರ್ಷಿಕ ಸಭೆಯಲ್ಲಿ ಕಂಡದ್ದು ಹೇಳುತ್ತೇನೆ. ಬಾಗಿಲಲ್ಲೇ ಮೇಜು, ಮೇಜಿನ ಮೇಲೆ ನಡವಳಿ ಪುಸ್ತಕ. ಪುಟದ ಮೇಲರ್ಧ ಖಾಲಿ, ಕೆಳಗರ್ಧದಲ್ಲಿ ಆಗಲೇ ಸಾಲಾಗಿ ಸಹಿಗಳು. ವಯಸ್ಸಾದ ಗೌಡರೊಬ್ಬರು ಕನ್ನಡಕ ಏರಿಸಿ, “ಮ್ಯಾಲೆ ಏನಪ್ಪಾ ಬರೀತೀರಿ?” ಎಂದರು. “ಆಮೇಲೆ ಬರ್ಕೋತೀವಿ ಬುಡಿ ಗೌಡ್ರೇ, ಉಪ್ಪಿಟ್ಟು ಆರೋಯ್ತದೆ” ಎಂದ ಗುಮಾಸ್ತ. ಹಿಂದೆ ನಿಂತವರು ಗೊಣಗಿದರು, ಗುಮಾಸ್ತನ ಮೇಲಲ್ಲ, ಸಾಲು ನಿಲ್ಲಿಸಿದ ಗೌಡರ ಮೇಲೆ.

ಇಂಥ ಸಾಲಿನಲ್ಲಿ ನಿಂತವರೇ ಮಾರನೇ ದಿನ ‘ದೇಶ ಕೆಟ್ಟುಹೋಯ್ತು’ ಎಂದು ನನಗೆ ಕಾಗದ ಬರೆಯುತ್ತಾರೆ. ಫ್ಲೆಕ್ಸಿನಲ್ಲಿ ಕೈಮುಗಿದು ನಿಲ್ಲುವುದಕ್ಕೆ, ‘ಅಣ್ಣ’ನಿಗೆ ಕ್ರೇನಿನಲ್ಲಿ ಸೇಬಿನ ಹಾರ ಹಾಕಿಸುವುದಕ್ಕೆ ಮಾತ್ರ ಇವರಿಗೆ ಪುರುಸೊತ್ತು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕಾನೂನಿದೆ. ಅಲ್ಲಿ ಖಾಲಿ ಕುರ್ಚಿಗಳೇ ಹೆಚ್ಚು, ಪತ್ರಿಕೆಯವರನ್ನು ಕರೆಯುವವರೂ ಇಲ್ಲ.

ಪತ್ರದ ಅಡಿಯಲ್ಲಿ ‘ದಯವಿಟ್ಟು ನನ್ನ ಹೆಸರು, ಊರು ಹಾಕಬೇಡಿ, ನಾಳೆ ಅವರ ಮುಖ ನೋಡಬೇಕು’ ಎಂದು ಬರೆದಿದ್ದೀರಿ. ಹಾಕಿಲ್ಲ. ಆದರೆ ನಿಮ್ಮೂರಿನ ಮುಂದಿನ ಗ್ರಾಮಸಭೆಗೆ ಹೋಗಿ, ಹಿಂದಿನ ನಡವಳಿಯನ್ನು ಗಟ್ಟಿಯಾಗಿ ಓದಿಸಿ. ಏನಾಯಿತೆಂದು ಎರಡು ಪುಟ ಬರೆದು ಕಳಿಸಿ, ಈ ಸಲ ಹೆಸರಿನ ಸಮೇತ. ಜಾಗ ನಾನು ಮಾಡಿಕೊಡುತ್ತೇನೆ.

— ಸಂ.