ಆ್ಯಪ್‌ನಲ್ಲಿ ಬರೆದಿಟ್ಟರೆ ತುಡಿತ ಹೆಚ್ಚುತ್ತದೆಯೇ?

ಪ್ರಶ್ನೆ: 19 ವರ್ಷದ ಮಗಳು ಬೇಸರವಾದಾಗ ತನ್ನನ್ನು ತಾನೇ ಗಾಯ ಮಾಡಿಕೊಳ್ಳುತ್ತಾಳೆ. ಹಾಗೆ ಅನ್ನಿಸಿದಾಗಲೆಲ್ಲ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಲು ಥೆರಪಿಸ್ಟ್ ಹೇಳಿದ್ದಾರೆ. ಅದನ್ನೇ ಬರೆಯುತ್ತಿದ್ದರೆ ಯೋಚನೆ ಹೆಚ್ಚಾಗದೇ? ಅವಳು ಬರೆದದ್ದನ್ನು ನಾನು ನೋಡಬಹುದೇ?

ಉತ್ತರ: ಸಾಮಾನ್ಯವಾಗಿ ಹೆಚ್ಚಾಗುವುದಿಲ್ಲ. ಬರೆದ ಮೇಲೆ ಸಂಕಟ ಏರುತ್ತಿದೆ ಎಂದು ಅವಳಿಗೇ ಅನ್ನಿಸಿದರೆ ಮಾತ್ರ ನಿಲ್ಲಿಸಿ, ಥೆರಪಿಸ್ಟ್‌ಗೆ ತಿಳಿಸಲಿ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಯಲ್ಲಿ, ದಿನದಿನದ ಭಾವನೆ, ತುಡಿತ ಬರೆದಿಡುವ ಕಾಗದದ ಡೈರಿ ಕಾರ್ಡ್ ಮೊದಲಿನಿಂದಲೂ ಇದೆ. ಇಂಥ ಆ್ಯಪ್ ಮಾಡುವುದೂ ಅದೇ ಕೆಲಸ. ಗಾಯ ಮಾಡಿಕೊಳ್ಳುವ ತುಡಿತಕ್ಕೆ 0ಯಿಂದ 5ರವರೆಗೆ ಅಂಕ, ಜೊತೆಗೆ ಎರಡು ಸಾಲು:

‘ರಾತ್ರಿ 10.40. ತುಡಿತ 4. ಗೆಳತಿ ಉತ್ತರಿಸಲಿಲ್ಲ. ಮಧ್ಯಾಹ್ನದಿಂದ ಊಟವಿಲ್ಲ. ಅಕ್ಕನ ಪಕ್ಕ ಕೂತೆ. 11.10ಕ್ಕೆ 2.’

ಕೊನೆಯ ಆ 2 ಬಹಳ ಮುಖ್ಯ. ತುಡಿತ ಏರಿದ ಹಾಗೆ ಇಳಿಯುತ್ತದೆ ಎಂಬುದಕ್ಕೆ ಅವಳೇ ಬರೆದಿಟ್ಟ ಸಾಕ್ಷಿ ಅದು. ವಾರ ಕಳೆದು ನೆನಪಿನಿಂದ ಹೇಳುವಾಗ ಕೆಟ್ಟ ಗಳಿಗೆಯಷ್ಟೇ ಉಳಿದಿರುತ್ತದೆ. ಹಸಿವು, ನಿದ್ದೆಗೇಡು, ಇಳಿದ ತುಡಿತ ಮರೆತುಹೋಗಿರುತ್ತವೆ.

ಎಡವುವುದು ಎಲ್ಲಿ? ದಿನಕ್ಕೆ ಆರೇಳು ನೋಟಿಫಿಕೇಷನ್ ಬಂದರೆ ಬೇಸತ್ತು, ಭೇಟಿಯ ಹಿಂದಿನ ರಾತ್ರಿ ಇಡೀ ವಾರದ್ದನ್ನು ಒಟ್ಟಿಗೆ ತುಂಬುತ್ತಾರೆ. ದಿನಕ್ಕೆ ಎರಡು ಸಾಕು. ಅದರ ಮೇಲೆ ತುಡಿತ ಬಂದಾಗ ಬರೆದರಾಯಿತು. ಗಾಯದ ಫೋಟೊ, ಹೇಗೆ ಮಾಡಿಕೊಂಡೆ ಎಂಬ ವಿವರ ಬೇಡ. ಮತ್ತೆ ನೋಡಿದಾಗ ಅವೇ ಕೆಣಕುತ್ತವೆ. ‘ಗಾಯವಿಲ್ಲದ ದಿನಗಳು’ ಎಂದು ಎಣಿಸುವ ಸೌಲಭ್ಯವಿದ್ದರೆ ಆಫ್ ಮಾಡಿ. 30 ಇದ್ದದ್ದು ಒಂದೇ ರಾತ್ರಿಯಲ್ಲಿ ಸೊನ್ನೆಯಾದರೆ ನಾಚಿಕೆ ಹೆಚ್ಚುತ್ತದೆ, ಆಮೇಲಿನ ದಾಖಲೆ ಸುಳ್ಳಾಗುತ್ತದೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. 5 ಎಂದು ಒತ್ತಿದ ಕ್ಷಣವೇ ಯಾರೋ ನೋಡುತ್ತಾರೆ ಎಂದು ನಂಬಬೇಡಿ. ಹೆಚ್ಚಿನ ಕಡೆ ಮುಂದಿನ ಭೇಟಿಯವರೆಗೆ ಯಾರೂ ನೋಡುವುದಿಲ್ಲ. ಯಾರು, ಯಾವಾಗ ಓದುತ್ತಾರೆ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಸಾಯುವ ಮಾತು ಬಂದರೆ ಅಥವಾ ದೊಡ್ಡ ಗಾಯವಾದರೆ ಅವಳನ್ನು ಒಂಟಿಯಾಗಿ ಬಿಡದೆ ತುರ್ತು ಸೇವೆಗೆ ಕರೆ ಮಾಡಿ.

ಕದ್ದು ಓದಬೇಡಿ. ಗೊತ್ತಾದ ದಿನದಿಂದ ಎಲ್ಲಕ್ಕೂ 0 ಹಾಕಬಹುದು. ಅದರ ಬದಲು ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಳ್ಳಿ: ತುಡಿತ 4 ಮುಟ್ಟಿದರೆ ನಿಮಗೆ ‘ಬಾಮ್ಮ’ ಎಂದು ಒಂದು ಮೆಸೇಜ್. ನೀವು ಹೋಗಿ ಪಕ್ಕದಲ್ಲಿ ಕೂರಬೇಕು. ಏಕೆ, ಏನು ಎಂದು ಆಗ ಕೇಳಬಾರದು.