ಸಮಾಧಿಯ ಬಿಲ್ಲಿನ ಬಾಗನ್ನು ಹಾಗೆಯೇ ನಕಲು ಮಾಡಬೇಡಿ

ಯಾಂಗ್‌ಹಾಯ್ ಸಮಾಧಿಯ ಬಿಲ್ಲಿನ ಚಿತ್ರ ಹಾಕಿ, ಇದೇ ಆಕಾರದಲ್ಲಿ ಮರ, ಕೊಂಬು ಸೇರಿಸಿ ಮಾಡಬಹುದೇ, ಮಂಗಳೂರಿನ ಮಳೆಗಾಲಕ್ಕೆ ತಡೆದೀತೇ ಎಂದು ಕೇಳಿದ್ದೀರಿ. ಮಾಡಬಹುದು. ಆದರೆ ಚಿತ್ರದಲ್ಲಿ ಕಾಣುವ ಬಾಗನ್ನು ದಯವಿಟ್ಟು ಅಚ್ಚಿಗೆ ಇಳಿಸಬೇಡಿ.

ಆ ಸ್ಮಶಾನ ಇರುವುದು ಚೀನಾದ ಷಿನ್‌ಜಿಯಾಂಗ್‌ನ ತುರ್ಫಾನ್ ತಗ್ಗಿನಲ್ಲಿ. 2003ರಲ್ಲಿ ಅಲ್ಲಿ 500ಕ್ಕೂ ಹೆಚ್ಚು ಗೋರಿಗಳನ್ನು ಅಗೆದರು. ಅಲ್ಲಿ ವರ್ಷಕ್ಕೆ 20 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ನೀರಿಲ್ಲದೆ ಬೂಷ್ಟು ಹಿಡಿಯದು. ಹಾಗಾಗಿ ಮರ, ಕೊಂಬು, ಸ್ನಾಯುವಿನ ನಾರು (ಮಾಂಸವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರು) ಎಲ್ಲವೂ ಉಳಿದವು. ಆದರೆ ಉಳಿಸಿದ ಆ ಒಣಹವೆಯೇ ಬಿಲ್ಲನ್ನು ತಿರುಚುತ್ತದೆ. ಶತಮಾನಗಟ್ಟಲೆ ಆರುವಾಗ ಕೊಂಬು ಕುಗ್ಗುವ ರೀತಿ ಬೇರೆ, ಮರದ್ದು ಬೇರೆ, ಸ್ನಾಯುವಿನದು ಇನ್ನೂ ಬೇರೆ. ಜೊತೆಗೆ ಹೆದೆ ಇಳಿಸಿದ ಕೊಂಬಿನ ಬಿಲ್ಲು ತಾನಾಗಿಯೇ ಗುರಿಯ ಕಡೆಗೆ ಉಲ್ಟಾ ಬಾಗುತ್ತದೆ. ಆದ್ದರಿಂದ ಒಟ್ಟು ಆಕಾರಕ್ಕಿಂತ ಬಿಲ್ಲಿನ ತೋಳಿನ (ಹಿಡಿಯ ಎರಡೂ ಬದಿಯ ಬಾಗುವ ಭಾಗದ) ಅಡ್ಡಕೊಯ್ತ, ಪದರಗಳ ಜೋಡಣೆ, ಹಿಡಿಯ ಉದ್ದ, ಹೆದೆ ಕೂರುವ ಕಚ್ಚು, ಇವನ್ನು ನಂಬಿ. ಈ ಬಿಲ್ಲುಗಳ ತೋಳು ಅಗಲ ಕಡಿಮೆ, ದಪ್ಪ ಹೆಚ್ಚು. ತುರ್ಕಿ ಬಿಲ್ಲಿನ ಚಪ್ಪಟೆ ತೋಳಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಮಳೆಗಾಲದ ಮಾತು. ಮರುಭೂಮಿ ಎಂದಮಾತ್ರಕ್ಕೆ ಎಲ್ಲವೂ ಉಳಿಯುವುದಿಲ್ಲ. 1922ರಲ್ಲಿ ಹೋವರ್ಡ್ ಕಾರ್ಟರ್ ಕಂಡುಹಿಡಿದ ಈಜಿಪ್ಟಿನ ಅರಸ ಟುಟಾಂಖಾಮನ್ ಗೋರಿಯಲ್ಲಿ ಹತ್ತಾರು ಬಿಲ್ಲುಗಳು ಸಿಕ್ಕವು. ಆದರೆ ಅಲ್ಲಿನ ಚರ್ಮದ ಸಾಮಾನುಗಳಲ್ಲಿ ಎಷ್ಟೋ ಒಳಗೆ ಸಿಕ್ಕಿಕೊಂಡ ತೇವಕ್ಕೆ ಕರಗಿ ಕಪ್ಪು ಅಂಟಾಗಿದ್ದವು. ನೀವು ಬಳಸಬೇಕಾದ ಮರವಜ್ರ ಎಂಬ ಅಂಟು ಕೂಡ ತೊಗಲು, ಸ್ನಾಯು ಕುದಿಸಿ ತೆಗೆದದ್ದೇ. ಅದೂ ತೇವಕ್ಕೆ ಮೆತ್ತಗಾಗುತ್ತದೆ. ಈಜಿಪ್ಟಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು: ತಮ್ಮ ನೆಲದಲ್ಲಿ ಬೆಳೆಯದ ಭೂರ್ಜ ಮರದ ತೊಗಟೆಯನ್ನು ದೂರದಿಂದ ತರಿಸಿ ಕೊಂಬಿನ ಬಿಲ್ಲಿಗೆ ಹೊದಿಸುತ್ತಿದ್ದರು. ಆ ಜಾಣತನಕ್ಕೆ ನಾನು ಕೈಮುಗಿಯುತ್ತೇನೆ.

ಕರಾವಳಿಯಲ್ಲಿ ಅಂಟಿಸುವ ಕೆಲಸವನ್ನು ಡಿಸೆಂಬರ್‌ನಲ್ಲಿ ಶುರು ಮಾಡಿ. ಕೊಂಬಿನ ಅಂಟುವ ಮೈಯನ್ನು ಗೀರಿ, ಜಿಡ್ಡು ಉಳಿಯದಂತೆ ತೊಳೆದು ಒಣಗಿಸಿ. ಬೆರಳು ತಾಗಿದರೂ ಅಂಟು ಬಿಡುತ್ತದೆ. ಸ್ನಾಯುವಿನ ಎಳೆಗಳನ್ನು ಬೆಚ್ಚಗಿನ ಮರವಜ್ರದಲ್ಲಿ ನೆನೆಸಿ, ಬಾಚಿ, ಗುರಿಯ ಕಡೆಗಿರುವ ಬೆನ್ನಿನ ಮೇಲೆ ಉದ್ದಕ್ಕೆ ಕೂರಿಸಿ. ಒಂದು ಪದರ ಪೂರ್ತಿ ಆರದೆ ಇನ್ನೊಂದು ಬೇಡ. ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಬೇಕು. ಬಿಸಿಲಿಗೆ ಇಟ್ಟರೆ ಹೊರಪದರ ಬಿರಿಯುತ್ತದೆ. ಮಳೆಗಾಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಪೆಟ್ಟಿಗೆಯಲ್ಲಿಡಿ, ಹೊರತೆಗೆಯಲು ಆಸೆಪಡಬೇಡಿ. ವರ್ಷವಿಡೀ ಬಾಣ ಬಿಡಬೇಕೆಂದಿದ್ದರೆ ಇದೇ ಆಕಾರವನ್ನು ಬಿದಿರು, ಫೈಬರ್‌ಗ್ಲಾಸ್, ಎಪಾಕ್ಸಿಯಲ್ಲಿ ಮಾಡಿಕೊಳ್ಳುವುದೇ ಒಳ್ಳೆಯದು. ಕೊಂಬು ಸಾಕಿದ ಎಮ್ಮೆ ಕೋಣದ್ದೇ ಆಗಿರಲಿ. ಕಾಡುಪ್ರಾಣಿಯದನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಮೊಣಕೈ ಕೆಳಗಿನ ರಕ್ಷಾಪಟ್ಟಿಯನ್ನು ಮರೆಯಬೇಡಿ. 1995ರಲ್ಲಿ ಅದೇ ಷಿನ್‌ಜಿಯಾಂಗ್‌ನ ನಿಯಾ ಗೋರಿಯಲ್ಲಿ ಸಿಕ್ಕ, ಚೀನಾದ ಹಾನ್ ರಾಜವಂಶದ ಕಾಲದ ರಕ್ಷಾಪಟ್ಟಿ ಐದು ಬಣ್ಣದ ರೇಷ್ಮೆ ಜರತಾರಿಯಂಥ ನೇಯ್ಗೆಯದು. ಉದ್ದ 18.5 ಸೆಂಟಿಮೀಟರ್, ಅಗಲ 12.5, ಅಂಚಿನಲ್ಲಿ ಕಟ್ಟಿಕೊಳ್ಳಲು ಪಟ್ಟಿಗಳು. ನಿಮ್ಮದನ್ನು ದಪ್ಪ ಚರ್ಮದಲ್ಲಿ ಇದೇ ಅಳತೆಗೆ ಕತ್ತರಿಸಿದರೆ ಸಾಕು.

ಮೊದಲ ಸಲ ಹೆದೆ ಏರಿಸುವಾಗ ಇಬ್ಬರಿರಿ. ಒಂದೇ ದಿನ ಪೂರ್ತಿ ಎಳೆಯಬೇಡಿ. ಬಿಲ್ಲಿನ ತೋಳಿನಿಂದ ಸಣ್ಣ ಚಿಟಿಕೆ ಸದ್ದು ಬಂದರೂ ಅಲ್ಲಿಗೇ ನಿಲ್ಲಿಸಿ, ಹೆದೆ ಇಳಿಸಿ, ಅಂಟು ಬಿಟ್ಟ ಜಾಗದ ಚಿತ್ರ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.