ಓದುಗರ ಪ್ರಶ್ನೆ: ಕೆಂಪು ಚೌಕಕ್ಕೆ ಅರ್ಥವೇನು?

ಪ್ರಶ್ನೆ: ಜ್ಯಾಮಿತೀಯ ಅಮೂರ್ತ ಚಿತ್ರಗಳಲ್ಲಿ (ವಸ್ತು, ವ್ಯಕ್ತಿಗಳಿಲ್ಲದೆ ಬರೀ ಚೌಕ, ವೃತ್ತ, ಗೆರೆಗಳಿಂದಾದ ಚಿತ್ರಗಳಲ್ಲಿ) ಕೆಂಪು ಅಂದರೆ ಸಿಟ್ಟು, ವೃತ್ತ ಅಂದರೆ ಪೂರ್ಣತೆ ಎಂದುಕೊಂಡು ನೋಡುತ್ತೇನೆ. ಸರಿಯೇ?

ಉತ್ತರ: ಆ ಪಟ್ಟಿಯನ್ನು ಬದಿಗಿಡಿ. ಆಕಾರಕ್ಕೂ ಬಣ್ಣಕ್ಕೂ ಅಂಥದೇ ಒಂದು ನಂಟನ್ನು ರಷ್ಯಾ ಮೂಲದ ಚಿತ್ರಕಾರ ಕಾಂಡಿನ್‌ಸ್ಕಿಯೂ ಹುಡುಕಿದ್ದುಂಟು. 1923ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪ್ರಶ್ನಾವಳಿ ಹಂಚಿ, ಯಾವ ಆಕಾರಕ್ಕೆ ಯಾವ ಬಣ್ಣ ಎಂದು ಕೇಳಿದರು. ಅವರ ಲೆಕ್ಕದಲ್ಲಿ ತ್ರಿಕೋನ ಹಳದಿ, ಚೌಕ ಕೆಂಪು, ವೃತ್ತ ನೀಲಿ. ಅಲ್ಲೇ ಪಾಠ ಹೇಳುತ್ತಿದ್ದ ಶ್ಲೆಮ್ಮರ್ ಇದನ್ನು ಒಪ್ಪಲಿಲ್ಲ, ವೃತ್ತ ಕೆಂಪು ಎಂದರು. ಕಲಾವಿದರೇ ಅರ್ಥ ಹೇಳಿದ್ದರೆ ಮಾತು ಬೇರೆ: ಭಾರತದ ಚಿತ್ರಕಾರ ಎಸ್.ಎಚ್. ರಝಾ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ವೃತ್ತವನ್ನು, ಅಂದರೆ ‘ಬಿಂದು’ವನ್ನು, ಬೀಜವೆಂದು ಓದಬಹುದು. ಅದೇ ಅರ್ಥವನ್ನು ಕಂಡ ಕಂಡ ವೃತ್ತಕ್ಕೆಲ್ಲ ಹಚ್ಚಬೇಡಿ.

ಮೊದಲು ನೋಡಬೇಕಾದ್ದು ಜಾಗ, ಅಳತೆ, ಅಂಚು. ಡಚ್ ಚಿತ್ರಕಾರ ಮೊಂಡ್ರಿಯನ್ 1930ರಲ್ಲಿ ಬರೆದ ಕೆಂಪು, ನೀಲಿ, ಹಳದಿಯ ಸಂಯೋಜನೆಯ ಮುದ್ರಿತ ಪ್ರತಿ ತೆಗೆದುಕೊಳ್ಳಿ. ಬಲಮೇಲೆ ದೊಡ್ಡ ಕೆಂಪು, ಎಡಕೆಳಗೆ ಪುಟ್ಟ ನೀಲಿ, ಬಲಕೆಳಗಿನ ಮೂಲೆಯಲ್ಲಿ ಚೂರು ಹಳದಿ. ಹೆಬ್ಬೆರಳಿನಿಂದ ನೀಲಿಯನ್ನು ಮುಚ್ಚಿ. ಚಿತ್ರದ ಭಾರವೆಲ್ಲ ಬಲಕ್ಕೆ ವಾಲುತ್ತದೆ. ಅಷ್ಟು ದೊಡ್ಡ ಕೆಂಪನ್ನು ಅಷ್ಟು ಸಣ್ಣ ನೀಲಿ ತಡೆದು ನಿಲ್ಲಿಸಿದೆ! ಕಪ್ಪು ಗೆರೆಗಳೂ ಒಂದೇ ದಪ್ಪವಿಲ್ಲ. ಎಡಗಡೆ ಮೇಲಿನ ಗಿಡ್ಡ ಅಡ್ಡಗೆರೆಯೇ ಎಲ್ಲಕ್ಕಿಂತ ದಪ್ಪ. ಇಷ್ಟು ಕಂಡ ಮೇಲೆ ಬೇಕಿದ್ದರೆ ಸಿಟ್ಟು, ಶಾಂತಿಯ ಮಾತಾಡಿ.

ಪ್ರಶ್ನೆ: ಒಂದೇ ಬಣ್ಣ ಎರಡು ಕಡೆ ಬೇರೆ ಬೇರೆಯಾಗಿ ಕಾಣುವುದೇಕೆ?

ಉತ್ತರ: ಪಕ್ಕದ ಬಣ್ಣದಿಂದ. ಒಂದೇ ಬೂದು ಕಾಗದದಿಂದ 2 ಸೆಂ.ಮೀ.ಯ ಎರಡು ಚೌಕ ಕತ್ತರಿಸಿ, ಒಂದನ್ನು ಕಪ್ಪು ಹಾಳೆಯ ಮೇಲೆ, ಇನ್ನೊಂದನ್ನು ಬಿಳಿಯ ಮೇಲೆ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿ ಕಾಣುತ್ತದೆ. ಹೊಳಪು ಕಾಗದ ಬೇಡ, ಬೆಳಕು ಪ್ರತಿಫಲಿಸಿ ಪ್ರಯೋಗ ಕೆಡುತ್ತದೆ. ಚಿತ್ರಕಾರ ಜೋಸೆಫ್ ಆಲ್ಬರ್ಸ್ 1950ರಿಂದ ಸಾಯುವವರೆಗೂ ಚೌಕದೊಳಗೆ ಚೌಕ ಬರೆದದ್ದು ಇದಕ್ಕೇ. ಚೌಕಗಳ ನಡುವಿನ ಅಂತರ ಕೆಳಗೆ 1 ಪಾಲು, ಅಕ್ಕಪಕ್ಕ 2, ಮೇಲೆ 3. ಆಕಾರ ಹೀಗೆ ನಿಗದಿಯಾಗಿಬಿಟ್ಟರೆ ಬದಲಾಗುವುದು ಬಣ್ಣ ಮಾತ್ರ. ಒಳಚೌಕ ಮುಂದೆ ಬಂತೋ ಹಿಂದೆ ಸರಿಯಿತೋ ಎಂದು ನೋಡಿ.

ಪ್ರಶ್ನೆ: ಮೊಬೈಲಿನಲ್ಲಿ ನೋಡಿದರೆ ಸಾಲದೇ?

ಉತ್ತರ: ಜೋಡಣೆ ತಿಳಿಯಲು ಸಾಕು. ಬಣ್ಣವನ್ನು ಮಾತ್ರ ನಂಬಬೇಡಿ, ಪರದೆಯಿಂದ ಪರದೆಗೆ ಅದು ಬದಲಾಗುತ್ತದೆ. ಅಂಚು, ಮೇಲ್ಮೈಗಳೂ ಕಾಣುವುದಿಲ್ಲ. ರಷ್ಯಾದ ಚಿತ್ರಕಾರ ಮಾಲೆವಿಚ್‌ರ 1915ರ ‘ಕಪ್ಪು ಚೌಕ’ ಚಿತ್ರ ಸುಮಾರು 80 ಸೆಂ.ಮೀ. ಅಗಲದ್ದು, ಬಣ್ಣ ಬಿರುಕು ಬಿಟ್ಟಿದೆ, ಬದಿಗಳು ಚೌಕಟ್ಟಿಗೆ ಸರಿಯಾಗಿ ಸಮಾನಾಂತರವಿಲ್ಲ. ಅಂಗೈಯಗಲದ ಪರದೆಯಲ್ಲಿ ಅದು ಬರೀ ಕಪ್ಪು ಗುರುತು.